ಅಪ್ಪನ ಕ್ಯಾಸೆಟ್ಟಿನ ಭೈರವಿ

ಪ್ರಶ್ನೆ: ನಮಸ್ಕಾರ ಅಕ್ಕಾ. ನಮ್ಮಪ್ಪನಿಗೆ ಹಿಂದೂಸ್ತಾನಿ ಸಂಗೀತ ಅಂದರೆ ಪ್ರಾಣ. ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯತಿಥಿಗೆ ಹೋಗಿ, ತೊಡೆ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ರಾತ್ರಿಯಿಡೀ ಕೂರುತ್ತಿದ್ದರು. ಹೋದ ವರ್ಷ ಊಟ ಮಾಡಿ ಮಲಗಿದವರು ಬೆಳಗ್ಗೆ ಏಳಲೇ ಇಲ್ಲ. ಆ ಕ್ಯಾಸೆಟ್ಟುಗಳಲ್ಲಿ ಹಾಡಿನ ನಡುವೆ ಅವರ ‘ವಾಹ್ವಾ’ ಕೇಳಿಸುತ್ತದೆ. ಒಂದು ಸಲ ಹಾಕಿದೆ, ಅವ್ವ ಎದ್ದು ಒಳಗೆ ಹೋದಳು. ಬರುವ ತಿಂಗಳು ವರ್ಷದ ಕಾರ್ಯ. ಅವತ್ತು ಅದರಲ್ಲಿರುವ ಒಂದು ಭೈರವಿ ಹಾಕಬೇಕು ಅಂತ ನನಗೆ ಆಸೆ. ಅಣ್ಣ ಬೇಡ ಅಂತಾನೆ. ಏನು ಮಾಡಲಿ?
– ಓದುಗರು, ಗದಗ

ಉತ್ತರ: ಹಾಕು ತಂಗಿ. ಆದರೆ ಅವ್ವನಿಗೆ ಮೊದಲೇ ಹೇಳಿ ಹಾಕು. ಅವಳು ಎದ್ದು ಹೋದದ್ದು ಹಾಡು ಬೇಡವಾಗಿ ಅಲ್ಲ ಅನಿಸುತ್ತದೆ. ಆ ‘ವಾಹ್ವಾ’ ಬರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ, ಅಲ್ವಾ?

ನೀನು ಭೈರವಿಯನ್ನೇ ಆರಿಸಿಕೊಂಡದ್ದು ನನಗೆ ತುಂಬ ಸರಿ ಅನಿಸಿತು. ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲವಾಗಿರುವ, ಅಂದರೆ ಸ್ವಲ್ಪ ತಗ್ಗಿಸಿ ಹಾಡುವ ರಾಗ ಅದು. ನಿಜಕ್ಕೂ ಬೆಳಗಿನ ರಾಗ. ಹಿಂದೆ ಕಛೇರಿ ರಾತ್ರಿಯಿಡೀ ನಡೆದು ಬೆಳಕು ಹರಿಯುವಾಗ ಮುಗಿಯುತ್ತಿತ್ತು, ಹಾಗಾಗಿ ಭೈರವಿ ಕೊನೆಗೆ ಬಂತು ಅಂತ ಹಿರಿಯರು ಹೇಳುತ್ತಾರೆ. ಈಗ ರಾತ್ರಿ ಒಂಬತ್ತಕ್ಕೇ ಕಛೇರಿ ಮುಗಿದರೂ ಕೊನೆಗೆ ಭೈರವಿಯೇ. ಅದಾದ ಮೇಲೆ ಸಾಮಾನ್ಯವಾಗಿ ಯಾರೂ ಬೇರೆ ರಾಗ ಹಾಡುವುದಿಲ್ಲ.

ಧಾರವಾಡದಲ್ಲಿ ಹುಡುಗರಿಗೆ ಪಾಠ ಹೇಳುವಾಗ ನಾನು ಅವರಿಗೆ ಇದನ್ನೇ ತೋರಿಸುತ್ತೇನೆ. ಭೈರವಿಯ ಮೊದಲ ನಾಲ್ಕು ಸ್ವರ ಬಿದ್ದ ಕೂಡಲೇ ಇಡೀ ಸಭೆಗೆ ‘ಮುಗೀತಾ ಬಂತು’ ಅಂತ ತಿಳಿಯುತ್ತದೆ. ಆದರೂ ಯಾರಿಗೂ ಗಡಿಬಿಡಿ ಇಲ್ಲ. ಮುಗಿಯುವುದಕ್ಕೂ ಪೂರ್ತಿ ಸಮಯ ಸಿಗುತ್ತದೆ. ನಿಮ್ಮಪ್ಪ ಹೋಗುವಾಗ ನಿಮಗೆ ಅದು ಸಿಗಲಿಲ್ಲ. ಹೋಗುತ್ತೇನೆ ಅಂತ ಅವರು ಹೇಳಲಿಲ್ಲ, ಹೋಗಿ ಬನ್ನಿ ಅಂತ ನೀವು ಹೇಳಲಿಲ್ಲ. ಹಾಡು ಆ ರಾತ್ರಿಯನ್ನು ವಾಪಸ್ ತರುವುದಿಲ್ಲ. ಆದರೆ ಮನೆಯವರೆಲ್ಲ ಒಟ್ಟಿಗೆ ಕೂತು, ಒಂದು ಸಂಗತಿ ಮೊದಲಿನಿಂದ ಕೊನೆಯ ತನಕ ಮುಗಿಯುವುದನ್ನು ಕೇಳಬಹುದು. ಅದಕ್ಕೇ ಹೇಳುತ್ತೇನೆ, ಅಳು ಬಂತು ಅಂತ ನಡುವೆ ನಿಲ್ಲಿಸಬೇಡ. ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದು ನಿಲ್ಲುವ ತನಕ ಬಿಡು.

ನಮ್ಮ ಕಡೆ ಇದು ಹೊಸದೇನೂ ಅಲ್ಲ. ನಿಮ್ಮೂರ ಆಶ್ರಮದಲ್ಲಿ ಪುಣ್ಯತಿಥಿ ಅಂದರೆ ಹಾಡೇ ಅಲ್ವಾ? ಕುಂದಗೋಳದ ನಾಡಿಗೇರ ವಾಡೆಯಲ್ಲೂ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರನ್ನು ಸಂಗೀತದಿಂದಲೇ ನೆನೆಯುತ್ತಾರೆ. ಅವರು 1952ರಲ್ಲಿ ತೀರಿಕೊಂಡರು. ಮರುವರ್ಷ ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರು ಮಾಡಿದರು. ಅಲ್ಲಿ ಕೊನೆಯ ಕಲಾವಿದರು ಹಾಡಿ ಮುಗಿಸಿದ ಮೇಲೂ ಒಂದು ಬಾಕಿ ಇರುತ್ತದೆ. ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆ, ಅವರದೇ ಭೈರವಿ ಠುಮರಿ, ಅಂದರೆ ಭಾವ ತುಂಬಿದ ಒಂದು ಲಘು ಶಾಸ್ತ್ರೀಯ ಹಾಡು. ಅದನ್ನು ಹಾಕಿಯೇ ಉತ್ಸವ ಮುಗಿಸುವುದು ಪದ್ಧತಿ. ನಾನು ಅಲ್ಲಿ ಕೂತು ಕೇಳಿದ್ದೇನೆ. ಪುಟ್ಟ ಮುದ್ರಿಕೆ, ಜೊತೆಗೆ ಗರಗರ ಸದ್ದು. ಖಾಲಿ ವೇದಿಕೆಯ ಕಡೆ ಮುಖ ಮಾಡಿ ಅಷ್ಟೂ ಜನ ಸುಮ್ನೆ ಕೂತಿದ್ದರು. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತೀರಿಹೋದವರ ದನಿ ಕೇಳಿ ದುಃಖ ಜಾಸ್ತಿ ಆಗುತ್ತದೆ ಅಂತ ನಿನ್ನ ಅಣ್ಣ ಹೆದರುತ್ತಿದ್ದರೆ ಈ ಸಂಗತಿ ಹೇಳು. ಅವನು ಆಮೇಲೂ ಬೇಡ ಅಂದರೆ ಒತ್ತಾಯ ಮಾಡಬೇಡ, ಅವನು ಹೊರಗೆ ಪಡಸಾಲೆಯಲ್ಲಿ ಕೂರಲಿ. ನಮ್ಮ ಗುರುಗಳು ಹೋದಾಗ ಹದಿಮೂರನೇ ದಿನ ನಾವು ಶಿಷ್ಯರೆಲ್ಲ ಹಾಡಿದೆವು, ಆದರೆ ಭೈರವಿ ಹಾಡಲು ಯಾರಿಗೂ ಬಾಯಿ ಬರಲಿಲ್ಲ. ವರ್ಷ ತುಂಬಿದ ಮೇಲೆಯೇ ಹಾಡಿದ್ದು. ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಬೇಕಾಗುತ್ತದೆ.

ಇನ್ನು ಕ್ಯಾಸೆಟ್ಟಿನ ಮಾತು. ಅವತ್ತೇ ಮೊದಲ ಸಲ ಹಳೆಯ ಪ್ಲೇಯರಿಗೆ ಹಾಕಬೇಡ, ರೀಲು ಸಿಕ್ಕಿಹಾಕಿಕೊಂಡರೆ ಗತಿಯಿಲ್ಲ. ಹೆಡ್ ಸ್ವಚ್ಛ ಮಾಡಿಸು. ಬೂಸ್ಟು ಹಿಡಿದಿದ್ದರೆ ಮನೆಯಲ್ಲಿ ಹಾಕಲೇಬೇಡ, ಕೆಲಸ ಗೊತ್ತಿರುವವರಿಗೆ ಕೊಡು. ಕಂಪ್ಯೂಟರಿಗೆ ಇಳಿಸಿಕೊಂಡು ಎರಡು ಕಡೆ ಇಡು. ಇಳಿಸಿಕೊಡುವವರು ‘ಗದ್ದಲ ತೆಗೆದು ಕೊಡ್ತೀವಿ’ ಅಂದರೆ ಒಪ್ಪಬೇಡ. ಅವರು ತೆಗೆಯುವ ಗದ್ದಲದಲ್ಲಿ ನಿಮ್ಮಪ್ಪನೂ ಇದ್ದಾರೆ.

ಪ್ರಶ್ನೆ: ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡು ಮುಗಿದ ಕೂಡಲೇ ಗಾಯಕಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರಲ್ಲ, ಯಾಕೆ?
– ಓದುಗರು, ಮೈಸೂರು

ಉತ್ತರ: ನೀವು ಕೇಳಿದ್ದು ಬಹುಶಃ ಗೌಹರ್ ಜಾನ್ ಅವರದ್ದು. 1902ರಲ್ಲಿ ಕಲ್ಕತ್ತದಲ್ಲಿ ಅವರ ಹಾಡು ಮುದ್ರಿಸಿಕೊಂಡು, ತಟ್ಟೆ ಒತ್ತಲು ಜರ್ಮನಿಯ ಹ್ಯಾನೋವರ್‌ಗೆ ಕಳಿಸುತ್ತಿದ್ದರು. ಅಲ್ಲಿಯವರಿಗೆ ನಮ್ಮ ಹಾಡು ಯಾರದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಕೊನೆಗೆ ಹೆಸರು. ಬರೀ ಕಾರ್ಖಾನೆಯ ಗುರುತಿಗೆ ಹೇಳಿದ ಆ ಮಾತು ಇವತ್ತು ನನಗೆ ಹಾಡಿನಷ್ಟೇ ಬೆಲೆಯುಳ್ಳದ್ದು. ಅವರು ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ನಿಮ್ಮೂರಲ್ಲೇ ತೀರಿಕೊಂಡರು. ನಿಮ್ಮ ಹತ್ತಿರ ಅವರ ತಟ್ಟೆ ಇದ್ದರೆ ಒಂದರ ಮೇಲೊಂದು ಪೇರಿಸಿಡಬೇಡಿ, ನಿಲ್ಲಿಸಿ ಇಡಿ. ಅರಗಿನ ತಟ್ಟೆ, ಬಿದ್ದರೆ ಒಡೆಯುತ್ತದೆ.