ಎಂ.ಎಸ್ಸಿ. ಮೊದಲೇ ಬೇಡ

ಇಂಗ್ಲೆಂಡಿನಲ್ಲಿ ಫಿಸಿಕ್ಸ್ ಪದವಿ ಆಗಿದೆ, ಕ್ಲಿನಿಕಲ್ ಸೈಂಟಿಸ್ಟ್ (ರೋಗಪತ್ತೆ, ಚಿಕಿತ್ಸೆಗೆ ನೆರವಾಗುವ ಆಸ್ಪತ್ರೆಯ ವಿಜ್ಞಾನಿ) ಆಗಲು ಮೊದಲು ಸ್ವಂತ ದುಡ್ಡಲ್ಲಿ ಎಂ.ಎಸ್ಸಿ. ಮಾಡಬೇಕಾ ಅಂತ ಕೇಳಿದ್ದೀರಿ. ಪದವಿಯಲ್ಲಿ ಫಸ್ಟ್ ಅಥವಾ 2:1 (ಅಲ್ಲಿನ ಮೇಲಿನ ಎರಡು ದರ್ಜೆಗಳು) ಬಂದಿದ್ದರೆ ಖಂಡಿತ ಬೇಡ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸೈಂಟಿಸ್ಟ್ ಟ್ರೈನಿಂಗ್ ಪ್ರೋಗ್ರಾಂಗೆ ಅರ್ಜಿ ಹಾಕಿ. 3 ವರ್ಷ ಸಂಬಳದ ಕೆಲಸ, ಜೊತೆಜೊತೆಗೇ ಎಂ.ಎಸ್ಸಿ. ಅದಕ್ಕಿಂತ ಕೆಳಗಿನ 2:2 ದರ್ಜೆ ಆದರೆ ಮಾತ್ರ ಸಂಬಂಧಪಟ್ಟ ಸ್ನಾತಕೋತ್ತರ ಪದವಿ ಬೇಕಾಗುತ್ತೆ. ತರಬೇತಿ ಮುಗಿದ ಮೇಲೂ ಆರೋಗ್ಯ ವೃತ್ತಿಪರರ ನಿಯಂತ್ರಣ ಸಂಸ್ಥೆಯಾದ ಎಚ್‌ಸಿಪಿಸಿಯಲ್ಲಿ ನೋಂದಣಿ ಆಗದೆ ಕ್ಲಿನಿಕಲ್ ಸೈಂಟಿಸ್ಟ್ ಅಂತ ಹೇಳಿಕೊಳ್ಳುವಂತಿಲ್ಲ, ಅದು ಕಾನೂನು.

ಪೈಪೋಟಿ ಜೋರಿದೆ. ಹಾಗಾಗಿ ಅರ್ಜಿಗೆ ಮುಂಚೆ ಯಾವುದಾದರೂ ಆಸ್ಪತ್ರೆಯ ಮೆಡಿಕಲ್ ಫಿಸಿಕ್ಸ್ ವಿಭಾಗವನ್ನು ಕೇಳಿಕೊಂಡು ಹೋಗಿ ನೋಡಿ ಬನ್ನಿ. ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನವೇ ಅಲ್ಲಿ ರೇಡಿಯೋಥೆರಪಿ (ವಿಕಿರಣ ಚಿಕಿತ್ಸೆ) ಯಂತ್ರ ಕೊಡುವ ವಿಕಿರಣದ ಡೋಸ್ ಅಳೆಯುತ್ತಾರೆ. ಅಳತೆ ಮಿತಿ ಮೀರಿದರೆ ಕಾರಣ ಸಿಗುವವರೆಗೆ ಚಿಕಿತ್ಸೆ ಶುರುವಾಗಲ್ಲ. ಆ ಹೊಣೆ ನಿಮಗೆ ಹಿಡಿಸಿದರೆ, ಯಾಕೆ ಹಿಡಿಸಿತು ಅನ್ನೋದನ್ನೇ ಅರ್ಜಿಯಲ್ಲಿ ಬರೆಯಿರಿ.