ಐದು ದಿನ ಬರೀ ನೀರು ನೋಡ್ಕೊಂಡು ಏನ್ ಮಾಡೋದು ಅಂದ್ರಲ್ಲಾ ಅಣ್ಣಾರೇ

ಅಣ್ಣಾರೇ, ನಿಮ್ಮ ಪ್ರಶ್ನೆ ನೋಡಿ ನಮ್ಮ ಭತ್ತ ಬೆಳೆಯುವವರ ಮೊಬೈಲ್ ಗುಂಪಿನಲ್ಲಿ ಎಲ್ಲರೂ ನಗುವ ಚಿತ್ರ ಹಾಕಿ ಸುಮ್ಮನಾದರು. "ಡಿಸೆಂಬರ್‌ನಲ್ಲಿ ಕೊಯ್ಲು ಮುಗಿಸಿ ಮಗಳ ಹತ್ತಿರ ಹೋಗ್ತೀವಿ. ಅವಳು ಲಾಸ್ ಏಂಜಲೀಸ್‌ನಿಂದ ಹವಾಯಿಗೆ ಹಡಗಿನ ಟಿಕೆಟ್ ತೆಗೆಸಿದ್ದಾಳೆ. ಹೋಗುವಾಗ ಐದು ದಿನ ನೆಲವೇ ಕಾಣಲ್ಲವಂತೆ, ಬರುವಾಗಲೂ ಅಷ್ಟೇ. ದಿನಾ ಎರಡು ಸಲ ಗದ್ದೆಗೆ ಹೋಗಿ ಬರೋನು ನಾನು, ಅಲ್ಲಿ ಕೂತು ಏನು ಮಾಡಲಿ?" ಅಂತ ಕೇಳಿದ್ದೀರಿ. ಭತ್ತದ ಗುಂಪಿನಲ್ಲಿ ಇದಕ್ಕೆ ಯಾರು ಉತ್ತರ ಹೇಳ್ತಾರೆ ಅಂತ ಒಬ್ಬರು ಬರೆದಿದ್ದಾರೆ. ನಾನು ಹೇಳುತ್ತೇನೆ. ಕಾರಟಗಿಗೆ ಬಂದು ಗದ್ದೆ ಹಿಡಿಯುವ ಮೊದಲು ನಾನು ಇಂಥ ಹಡಗುಗಳಲ್ಲೇ ಕ್ಯಾಬಿನ್ ಸ್ವಚ್ಛ ಮಾಡುವ ಕೆಲಸದಲ್ಲಿದ್ದೆ. ಯಾರಿಗೆ ಬೇಜಾರು ಹಿಡಿಯಿತು, ಯಾರಿಗೆ ಹಿಡಿಯಲಿಲ್ಲ ಅನ್ನೋದು ಕ್ಯಾಪ್ಟನ್‌ಗಿಂತ ಹಾಸಿಗೆ ಸರಿ ಮಾಡುವವನಿಗೆ ಜಾಸ್ತಿ ಗೊತ್ತಿರುತ್ತದೆ.

ಬೇಜಾರು ಹಿಡಿದವರ ಕ್ಯಾಬಿನ್ ಬಾಗಿಲು ಬೆಳಿಗ್ಗೆ ಹನ್ನೊಂದಾದರೂ ತೆಗೆದಿರುತ್ತಿರಲಿಲ್ಲ. ಪರದೆ ಮುಚ್ಚಿ ಟಿವಿ ಹಚ್ಚಿ ಕೂತಿರುತ್ತಿದ್ದರು. ಮೊದಲ ದಿನ ಎಲ್ಲರಿಗೂ ಹುಮ್ಮಸ್ಸು, ಎರಡನೇ ದಿನ ಊಟದ ಸಡಗರ. ಮೂರನೇ ದಿನ ಮಧ್ಯಾಹ್ನ ಕಷ್ಟ ಶುರು. ಆ ಹೊತ್ತಿಗೆ ಯಾವ ತಾಸಿಗೆ ಹಡಗಿನಲ್ಲಿ ಎಲ್ಲಿರಬೇಕು ಅನ್ನೋ ಅಭ್ಯಾಸ ಆಗಿಬಿಟ್ಟಿದ್ದವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಹಾಗಾಗಿ ನೀವು ಕಾರ್ಯಕ್ರಮ ಹುಡುಕಿಕೊಂಡು ಓಡಾಡಬೇಡಿ. ನಿಮ್ಮ ಊರಿನ ತಾಸನ್ನೇ ಹಡಗಿನಲ್ಲೂ ಇಟ್ಟುಕೊಳ್ಳಿ.

ನೀವು ಐದಕ್ಕೆ ಏಳುವವರು, ಅದೇ ದೊಡ್ಡ ಅನುಕೂಲ. ಆ ಹೊತ್ತಿಗೆ ಇಡೀ ಹಡಗು ನಿಮ್ಮದು. ಡೆಕ್, ಅಂದರೆ ಹಡಗಿನ ಮಹಡಿ, ತೊಳೆಯುವ ಹುಡುಗರು ಬಿಟ್ಟರೆ ಯಾರೂ ಇರಲ್ಲ. ಕಾಫಿ, ಚಹಾ ಬೇಗನೇ ಸಿಗುತ್ತದೆ. ಹೊರಗೆ ಸುತ್ತು ಹಾಕಲು ಪ್ರೊಮೆನೇಡ್ ಅಂತ ಒಂದು ಡೆಕ್ ಇರುತ್ತದೆ, ಎಷ್ಟು ಸುತ್ತಿಗೆ ಒಂದು ಮೈಲು ಅಂತ ಸಾಮಾನ್ಯವಾಗಿ ಗೋಡೆ ಮೇಲೆ ಬರೆದಿರುತ್ತಾರೆ. ಹೋಗುವಾಗ ಹಡಗು ಪಶ್ಚಿಮಕ್ಕೆ ಹೊರಟಿರುವುದರಿಂದ ಸೂರ್ಯ ಹುಟ್ಟುವುದು ಹಿಂಭಾಗದಲ್ಲಿ, ಮುಳುಗುವುದು ಮುಂಭಾಗದಲ್ಲಿ. ಬರುವಾಗ ಉಲ್ಟಾ. ಬಹಳ ಜನ ಇದು ತಿಳಿಯದೆ ತಪ್ಪು ಜಾಗದಲ್ಲಿ ನಿಂತು ವಾಪಸ್ ಹೋಗುತ್ತಾರೆ. ಮುಂಭಾಗದಲ್ಲಿ ಗಾಳಿ ಬಹಳ ಜೋರು. ಲುಂಗಿ ಉಟ್ಟುಕೊಂಡು ಹೋಗಬೇಡಿ, ಮರ್ಯಾದೆ ಪ್ರಶ್ನೆ. ಟೋಪಿಗೆ ದಾರ ಇರಲಿ. ಕ್ಯಾಲಿಫೋರ್ನಿಯಾ ಬಿಟ್ಟ ಮೊದಲ ಒಂದೆರಡು ದಿನ ಚಳಿ ಇರುತ್ತದೆ, ಸ್ವೆಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಈಗ ನಿಮಗೆ ಹಿಡಿಸುವ ಕೆಲಸ ಹೇಳುತ್ತೇನೆ. ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಮಧ್ಯಾಹ್ನ 12ರ ಹೊತ್ತಿಗೆ ಹಡಗಿನ ಸೇತುವೆ ಕೋಣೆಯಿಂದ, ಅಂದರೆ ಹಡಗು ನಡೆಸುವ ಕಡೆಯಿಂದ, ಮೈಕಿನಲ್ಲಿ ಹೇಳುತ್ತಾರೆ: ಈಗ ಎಲ್ಲಿದ್ದೇವೆ, ಗಾಳಿ ಎಷ್ಟು, ಕೆಳಗೆ ಎಷ್ಟು ಆಳ. ನಡುಸಮುದ್ರದಲ್ಲಿ ಆಳ ನಾಲ್ಕೈದು ಕಿಲೋಮೀಟರ್ ಇರುತ್ತದೆ. ಅದನ್ನು ದಿನಾ ಬರೆದಿಡಿ. ಲಾಸ್ ಏಂಜಲೀಸ್ ಇರುವುದು ಸುಮಾರು 34 ಡಿಗ್ರಿ ಉತ್ತರದಲ್ಲಿ, ಹವಾಯಿಯ ಹೊನೊಲುಲು ಬಂದರು 21 ಡಿಗ್ರಿಯಲ್ಲಿ. ನಮ್ಮ ಗಂಗಾವತಿ 15ರ ಆಸುಪಾಸು. ನಡುವಿನ ದಾರಿ ಸುಮಾರು 4,100 ಕಿ.ಮೀ. ಹಡಗು ಗಂಟೆಗೆ 35 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತದೆ, ರಸ್ತೆ ಸಿಕ್ಕ ಟ್ರ್ಯಾಕ್ಟರ್ ಹಾಗೆ. ಆದರೆ ಹಗಲು ರಾತ್ರಿ ನಿಲ್ಲದೆ. ಲೆಕ್ಕ ಹಾಕಿ, ಐದು ದಿನ ಯಾಕೆ ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಆ ಡಿಗ್ರಿ ಲೆಕ್ಕವನ್ನು ರಾತ್ರಿ ಕಣ್ಣಾರೆ ನೋಡಬಹುದು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನಾವು ಅಷ್ಟು ಡಿಗ್ರಿ ಉತ್ತರದಲ್ಲಿದ್ದೇವೆ ಅಂತ ಅರ್ಥ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಹೆಚ್ಚುಕಡಿಮೆ 10 ಡಿಗ್ರಿ. ಹೊರಡುವ ರಾತ್ರಿ ಧ್ರುವ ನಕ್ಷತ್ರ ಮೂರೂವರೆ ಮುಷ್ಟಿ ಎತ್ತರದಲ್ಲಿರುತ್ತದೆ. ಹವಾಯಿ ಮುಟ್ಟುವ ಹೊತ್ತಿಗೆ ಎರಡು ಮುಷ್ಟಿಗೆ ಇಳಿದಿರುತ್ತದೆ. ದಿನಕ್ಕೆ ಒಂದು ಬೆರಳಿಗಿಂತ ಸ್ವಲ್ಪ ಜಾಸ್ತಿ. ಈಗಲೇ ಒಂದು ರಾತ್ರಿ ನಿಮ್ಮ ಕಣದಲ್ಲಿ ನಿಂತು ನೋಡಿಟ್ಟುಕೊಳ್ಳಿ, ಇಲ್ಲಿ ಒಂದೂವರೆ ಮುಷ್ಟಿ. ಹೋಗುವಾಗ ಅದು ಹಡಗಿನ ಬಲಗಡೆ ಕಾಣುತ್ತದೆ. ದೀಪ ಕಡಿಮೆ ಇರುವ ಡೆಕ್ ಯಾವುದು ಅಂತ ಅಲ್ಲಿನ ಕೆಲಸದವರನ್ನು ಕೇಳಿ, ಹೇಳುತ್ತಾರೆ. ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತು ಮೊಬೈಲ್ ತೆಗೆಯಬೇಡಿ. ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರ ನೋಡಿ. ಹೊರಡುವಾಗ ಅದು ದಿಗಂತಕ್ಕೆ ಅಂಟಿದ ಹಾಗೆ ಇರುತ್ತದೆ, ಸಿಗದೇ ಹೋಗಬಹುದು. ಹವಾಯಿ ಹತ್ತಿರ ಚೆನ್ನಾಗಿ ಮೇಲೆ ಬಂದಿರುತ್ತದೆ. ಡಿಸೆಂಬರ್‌ನಲ್ಲಿ ಅದಕ್ಕೆ ನಡುರಾತ್ರಿಯೇ ಸರಿಯಾದ ಹೊತ್ತು.

ಮೊಬೈಲ್ ವಿಷಯ ಬಂತಲ್ಲ. ಹಡಗು ಬಂದರು ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ಹಡಗಿನಲ್ಲಿ ಒಂದು ಬೇರೆ ಟವರ್ ಇರುತ್ತದೆ, ಅದಕ್ಕೆ ತಾನಾಗೇ ಸೇರಿಕೊಂಡರೆ ಬಿಲ್ ನೋಡಿ ಎದೆ ಒಡೆಯುತ್ತದೆ. ವೈಫೈ ಬೇಕಾದರೆ ಹಡಗಿನದ್ದೇ ತೆಗೆದುಕೊಳ್ಳಿ, ಅದೂ ಒಬ್ಬರಿಗೆ ಸಾಕು. ದಿನಾ ಮಂಡಿ ರೇಟ್ ನೋಡುತ್ತಾ ಕೂತರೆ ಕಾರಟಗಿಯಲ್ಲೇ ಇರಬಹುದಿತ್ತಲ್ವಾ? ವೈಫೈ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಮಗಳ ಕೈಯಲ್ಲಿ ಮೊದಲೇ ಮ್ಯಾಪ್ ಡೌನ್‌ಲೋಡ್ ಮಾಡಿಸಿ. ಹೊರಗಿನ ಡೆಕ್‌ನಲ್ಲಿ ತೆರೆದರೆ ನೀಲಿ ಚುಕ್ಕೆ ಖಾಲಿ ನೀಲಿಯಲ್ಲಿ ನಿಂತಿರುತ್ತದೆ, ನೋಡಲು ಮಜಾ. ಕೈಗಡಿಯಾರ ಇರಲಿ. ಹವಾಯಿ ಗಡಿಯಾರ ಕ್ಯಾಲಿಫೋರ್ನಿಯಾಗಿಂತ ಆ ತಿಂಗಳಲ್ಲಿ 2 ಗಂಟೆ ಹಿಂದೆ, ಅದಕ್ಕೆ ಹೋಗುವಾಗ ಎರಡು ರಾತ್ರಿ ಒಂದೊಂದು ಗಂಟೆ ಜಾಸ್ತಿ ನಿದ್ದೆ ಸಿಗುತ್ತದೆ. ಬರುವಾಗ ಅದನ್ನೇ ವಾಪಸ್ ಕಿತ್ತುಕೊಳ್ಳುತ್ತಾರೆ. ಮನೆಗೆ ಮಾತಾಡಬೇಕಾದರೆ ಹವಾಯಿಯ ಸಂಜೆ 6 ಅಂದರೆ ನಮಗೆ ಮರುದಿನ ಬೆಳಿಗ್ಗೆ 9:30.

ಹಗಲಿನ ಕಾರ್ಯಕ್ರಮಗಳ ಹಾಳೆ ಹಿಂದಿನ ರಾತ್ರಿಯೇ ಕ್ಯಾಬಿನ್‌ಗೆ ಬರುತ್ತದೆ, ಕೆಲವು ಹಡಗುಗಳಲ್ಲಿ ಮೊಬೈಲ್ ಆ್ಯಪ್‌ನಲ್ಲಿ. ಬೆಳಿಗ್ಗೆಗೆ ಒಂದು, ಸಂಜೆಗೆ ಒಂದು ಗುರುತು ಹಾಕಿ, ಉಳಿದಿದ್ದು ಬಿಡಿ. ಒಂದು ಮಾತು ಮನಸ್ಸಿನಲ್ಲಿರಲಿ: ನೆಲ ಕಾಣದ ದಿನವೇ ಹಡಗಿನವರಿಗೆ ವ್ಯಾಪಾರದ ದಿನ. ಕ್ಯಾಸಿನೊ, ಅಂದರೆ ಜೂಜಿನ ಕೋಣೆ, ತೆರೆಯುವುದೇ ಸಮುದ್ರದ ಮೇಲೆ. "ಉಚಿತ" ಪಾದದ ತಪಾಸಣೆ ಕೊನೆಗೆ ಶೂ ಒಳಗೆ ಹಾಕುವ ದುಬಾರಿ ಮೆತ್ತೆ ಮಾರುವುದರಲ್ಲಿ ಮುಗಿಯುತ್ತದೆ. ಚಿತ್ರಗಳ ಹರಾಜಿನಲ್ಲಿ ಕುಡಿಯಲು ಪುಕ್ಕಟೆ ಕೊಡುವುದು ಕೈ ಎತ್ತಿಸಲಿಕ್ಕೆ. ನೋಡಲು ಹೋಗಿ, ಕಾರ್ಡ್ ಮಾತ್ರ ಜೇಬಿನಿಂದ ತೆಗೆಯಬೇಡಿ.

ನಿಜಕ್ಕೂ ಹೋಗಬೇಕಾದವು ಬೇರೆ. ಹವಾಯಿ ದಾರಿಯ ಹಡಗುಗಳಲ್ಲಿ ಆ ದ್ವೀಪದ ಹಾಡು, ಕುಣಿತ, ಹೂವಿನ ಹಾರ ಕಟ್ಟುವುದನ್ನು ಕಲಿಸುವವರು ಸಾಮಾನ್ಯವಾಗಿ ಇರುತ್ತಾರೆ. ಹಾರದ ತರಗತಿಗೆ ಅತ್ತಿಗೆಯವರನ್ನು ತಪ್ಪದೆ ಕಳಿಸಿ. ದಿನಾ ಮಲ್ಲಿಗೆ ಕಟ್ಟುವ ಕೈ, ಕಲಿಸುವವರೇ ಬಂದು ನೋಡುತ್ತಾರೆ. ಅಲ್ಲಿ ಇಂಗ್ಲಿಷ್ ಬೇಕಾಗಿಲ್ಲ. ಉಕುಲೇಲೆ ಅಂತ ನಾಲ್ಕು ತಂತಿಯ ಪುಟ್ಟ ವಾದ್ಯ ಕೈಗೆ ಕೊಡುತ್ತಾರೆ. 1879ರಲ್ಲಿ ಕಬ್ಬಿನ ತೋಟದ ಕೆಲಸಕ್ಕೆ ಬಂದ ಪೋರ್ಚುಗೀಸರ ಜೊತೆ ಬಂದ ವಾದ್ಯದಿಂದ ಹುಟ್ಟಿದ್ದು ಅದು. ದ್ವೀಪಗಳ ಬಗ್ಗೆ ಉಪನ್ಯಾಸ ಇದ್ದರೆ ನೀವು ಕೂರಿ. ಭಾಷೆ ಪೂರ್ತಿ ತಿಳಿಯದಿದ್ದರೂ ಚಿತ್ರ ತೋರಿಸುತ್ತಾರೆ. ಅಲ್ಲಿ ಕೆಸುವನ್ನು ನಮ್ಮ ಭತ್ತದ ಹಾಗೆಯೇ ಬದು ಕಟ್ಟಿ, ನೀರು ನಿಲ್ಲಿಸಿ, ಕಾಲುವೆಯಿಂದ ಹರಿಸಿ ಬೆಳೆಯುತ್ತಾರೆ. ಕವಾಯಿ ದ್ವೀಪದ ಹನಲೇಯಿ ಕಣಿವೆಯಲ್ಲಿ ಈಗಲೂ ಇದೆ. ನಿಮ್ಮ ಹಡಗು ಆ ದ್ವೀಪಕ್ಕೆ ಹೋಗುವುದಾದರೆ ಅದನ್ನೇ ನೋಡಿ ಬನ್ನಿ, ಬೀಚ್ ಎಲ್ಲಿಯೂ ಸಿಗುತ್ತದೆ. ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದ ಕಬ್ಬು ಮಾತ್ರ ಈಗಿಲ್ಲ. ಕೊನೆಯ ಸಕ್ಕರೆ ಕಾರ್ಖಾನೆ 2016ರಲ್ಲಿ ಮುಚ್ಚಿತು. ಬೀಜ, ಗಡ್ಡೆ ತರುವ ಆಸೆ ಆಗುತ್ತದೆ, ನನಗೆ ಗೊತ್ತು. ತರಬೇಡಿ. ಹಣ್ಣು, ಬೀಜ, ಮಣ್ಣಿನ ವಿಷಯದಲ್ಲಿ ಅಲ್ಲಿ ತಪಾಸಣೆ ಬಿಗಿ, ದಂಡ ಹಾಕುತ್ತಾರೆ.

ಮಧ್ಯಾಹ್ನದ ಊಟ ಆದ ಮೇಲಿನ ಎರಡು ತಾಸು ಕೆಟ್ಟ ಹೊತ್ತು. ಬಿಸಿಲು, ಜನ, ಈಜುಕೊಳದ ಕುರ್ಚಿಗೆ ಜಗಳ. ಆಗ ಲೈಬ್ರರಿ ಅಥವಾ ಇಸ್ಪೀಟು ಆಡುವ ಕೋಣೆಗೆ ಹೋಗಿ. ಬಹಳ ಹಡಗುಗಳಲ್ಲಿ ಒಂದು ಮೇಜಿನ ಮೇಲೆ ಚಿತ್ರ ಜೋಡಿಸುವ ಸಾವಿರ ತುಂಡಿನ ಆಟ ಹರಡಿರುತ್ತದೆ. ಬಂದವರು ನಾಲ್ಕು ತುಂಡು ಕೂಡಿಸಿ ಹೋಗುತ್ತಾರೆ. ಮಾತು ಬಾರದವರ ಗೆಳೆತನ ನಾನು ನೋಡಿದ್ದು ಅಲ್ಲೇ. ನಿಮ್ಮದೇ ಒಂದು ಇಸ್ಪೀಟು ಕಟ್ಟು, ಚೌಕಾಬಾರದ ಬಟ್ಟೆ, ಕವಡೆ ಇಟ್ಟುಕೊಳ್ಳಿ. ಕವಡೆ ಉರುಳಿಸಲು ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಸುತ್ತ ಜನ ನಿಲ್ಲುತ್ತಾರೆ.

ಕೊನೆಯ ಎರಡು ದಿನ ಡೆಕ್ ಬಿಟ್ಟು ಒಳಗೆ ಕೂರಬೇಡಿ. ನೀರು ಬೆಚ್ಚಗಾದಂತೆ ಹಾರುವ ಮೀನು ಶುರುವಾಗುತ್ತವೆ. ಹಡಗಿನ ಮುಂದಿನಿಂದ ಹಿಂಡಾಗಿ ಎದ್ದು ಹಾರುತ್ತವೆ, ಅವನ್ನು ಹಿಡಿಯಲು ದೊಡ್ಡ ಕಡಲ ಹಕ್ಕಿಗಳು ಹಡಗಿನ ಜೊತೆಯೇ ಬರುತ್ತವೆ. ಮುಂಭಾಗದ ಬದಿಯಿಂದ ಕೆಳಗೆ ನೋಡುತ್ತಿರಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲಾಸ್ಕಾ ಕಡೆಯಿಂದ ತಿಮಿಂಗಿಲಗಳು ಮರಿ ಹಾಕಲು ಹವಾಯಿಗೆ ಬಂದಿರುತ್ತವೆ. ದ್ವೀಪಗಳ ನಡುವೆ ಹೋಗುವಾಗ ನೀರಿನ ಚಿಲುಮೆ ಎಲ್ಲಿ ಏಳುತ್ತದೆ ಅಂತ ಕಣ್ಣಿಡಿ. ಸಣ್ಣದೊಂದು ದುರ್ಬೀನು ಮಗಳ ಹತ್ತಿರ ಕೇಳಿ ತೆಗೆದುಕೊಳ್ಳಿ.

ಊಟದ ಬಗ್ಗೆ ಚಿಂತೆ ಬೇಡ. ಮೊದಲ ರಾತ್ರಿಯೇ ಮುಖ್ಯ ವೇಟರ್‌ಗೆ ಸಸ್ಯಾಹಾರ, ಭಾರತದ ಅಡುಗೆ ಬೇಕು ಅಂತ ಹೇಳಿ. ಹಿಂದಿನ ದಿನ ಹೇಳಿದರೆ ಮರುದಿನಕ್ಕೆ ಅನ್ನ, ಬೇಳೆ ಮಾಡಿಕೊಡುತ್ತಾರೆ. ಅಡುಗೆಮನೆಯಲ್ಲಿ ನಮ್ಮ ದೇಶದ ಹುಡುಗರು ಸಾಮಾನ್ಯವಾಗಿ ಇರುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ಬಿಡುವುದು ಕಷ್ಟ. ಅಂಗಡಿಯ ಸೀಲ್ ಹಾಕಿದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪ್ಯಾಕೆಟ್ ನಡೆಯುತ್ತದೆ. ಕೆಟಲ್, ಇಸ್ತ್ರಿ ಪೆಟ್ಟಿಗೆ, ಕುಕ್ಕರ್ ಹಡಗಿಗೆ ಬಿಡಲ್ಲ.

ಹೊಟ್ಟೆ ತೊಳಸುವುದು ಮೊದಲ ಎರಡು ದಿನ. ಊರಿನಲ್ಲೇ ನಿಮ್ಮ ಡಾಕ್ಟರಿಗೆ ಬಿಪಿ ಮಾತ್ರೆ ಪಟ್ಟಿ ತೋರಿಸಿ, ವಾಂತಿ ತಡೆಯುವ ಮಾತ್ರೆ ಬರೆಸಿಕೊಳ್ಳಿ. ಅದು ನಿದ್ದೆ ತರುತ್ತದೆ, ತಲೆ ತಿರುಗುವ ಮೊದಲೇ ನುಂಗಬೇಕು. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಅಲುಗಾಟ ಕಡಿಮೆ. ದಿಗಂತ ನೋಡುತ್ತಾ ಕೂರಿ, ಒಣ ಬಿಸ್ಕತ್ತು, ಶುಂಠಿ ತಿನ್ನಿ. ಹಡಗಿನ ಡಾಕ್ಟರ್ ಫೀಸು ಜಾಸ್ತಿ, ವಿಮೆ ಇಲ್ಲದೆ ಹತ್ತಬೇಡಿ.

ಇನ್ನೊಂದು, ಬರುವಾಗ ಹಡಗು ಮೆಕ್ಸಿಕೋದ ಎನ್ಸೆನಾಡದಲ್ಲಿ ನಿಲ್ಲಬಹುದು. ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ, ಹಡಗು ಜನರನ್ನು ಅಮೆರಿಕದಲ್ಲೇ ಹತ್ತಿಸಿ ಅಲ್ಲೇ ಇಳಿಸುವುದಾದರೆ ನಡುವೆ ಬೇರೆ ದೇಶದ ಬಂದರು ಮುಟ್ಟಬೇಕು ಅಂತ 1886ರ ಕಾನೂನು. ಹಾಗಾಗಿ ನಿಮ್ಮ ಅಮೆರಿಕ ವೀಸಾದಲ್ಲಿ ಎಷ್ಟು ಸಲ ಪ್ರವೇಶ ಅಂತ ಬರೆದಿದೆ ನೋಡಿಕೊಳ್ಳಿ, "ಎಂ" ಅಂತ ಇದ್ದರೆ ಹಲವು ಸಲ.

ಮಗಳು ಕ್ಯಾಬಿನ್ ನಂಬರ್ ಕೊಟ್ಟಿದ್ದರೆ ಹಡಗಿನ ಹೆಸರಿನ ಜೊತೆ ನನಗೆ ಬೇರೆಯಾಗಿ ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ಕ್ಯಾಬಿನ್ ಮೇಲೆ ಗದ್ದಲದ ಕುಣಿತದ ಹಾಲ್ ಇದೆಯೋ, ಯಾವ ಕಡೆ ಧ್ರುವ ನಕ್ಷತ್ರ ಕಾಣುತ್ತದೋ ನಕ್ಷೆ ನೋಡಿ ಹೇಳುತ್ತೇನೆ. ಬದಲಾಯಿಸುವುದಿದ್ದರೆ ಈಗಲೇ ಆಗಬೇಕು.