ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿ ಬಲಗೈಯವರಾಗಿದ್ದೂ ಎಡಗೈ ಬ್ಯಾಟಿಂಗ್ ಮಾಡಿದ್ದೇಕೆ?

ಅಪ್ಪನ ಲೆಕ್ಕಾಚಾರದಿಂದ. 1973ರಲ್ಲಿ ಹುಟ್ಟಿ ಜಪಾನಿನ ಟೊಯೊಯಾಮಾದಲ್ಲಿ ಬೆಳೆದ ಇಚಿರೊ ಚೆಂಡೆಸೆಯುವುದು ಬಲಗೈಯಲ್ಲೇ. ಆದರೆ ಬ್ಯಾಟನ್ನು ಎಡಗೈ ಆಟಗಾರನಂತೆ ಹಿಡಿಯಲು ಬಾಲ್ಯದಲ್ಲೇ ರೂಢಿ ಮಾಡಿಸಿದವರು ತಂದೆ ನೊಬುಯುಕಿ.

ಕಾರಣ ಮೈದಾನದ ರಚನೆಯಲ್ಲಿದೆ. ಬೇಸ್‌ಬಾಲ್‌ನಲ್ಲಿ ಚೆಂಡನ್ನು ಅಂಕಣದೊಳಗೆ ಹೊಡೆದ ಮೇಲೆ, ಕ್ರಿಕೆಟ್‌ನಂತೆ ಓಡಲೋ ಬೇಡವೋ ಎಂದು ಯೋಚಿಸುವಂತಿಲ್ಲ, ಓಡಲೇಬೇಕು. ನೆಲದ ಮೇಲೆ ಉರುಳಿದ ಚೆಂಡನ್ನು ಎದುರಾಳಿಗಳು ಎತ್ತಿ ಎಸೆದು, ಅದು ಮೊದಲ ಬೇಸ್ (ಓಡುವವನು ಮುಟ್ಟಬೇಕಾದ ಮೊದಲ ಗುರುತು) ತಲುಪುವುದಕ್ಕೆ ಮುಂಚೆ ಬ್ಯಾಟರ್ 90 ಅಡಿ, ಅಂದರೆ ಸುಮಾರು 27 ಮೀಟರ್ ಓಡಿ ಆ ಬೇಸನ್ನು ಮುಟ್ಟಬೇಕು. ಎಸೆಗಾರನತ್ತ ಮುಖ ಮಾಡಿದರೆ ಆ ಬೇಸ್ ಇರುವುದು ಬಲಕ್ಕೆ. ಎಡಗೈ ಬ್ಯಾಟರ್ ನಿಲ್ಲುವುದೂ ಅದೇ ಬದಿಗೆ. ಹಾಗಾಗಿ ಒಂದೆರಡು ಹೆಜ್ಜೆ ಉಳಿಯುತ್ತದೆ. ಜೊತೆಗೆ ಬ್ಯಾಟ್ ಬೀಸಿದ ರಭಸವೇ ಅವನ ಮೈಯನ್ನು ಮೊದಲ ಬೇಸ್ ಕಡೆಗೆ ತಿರುಗಿಸುತ್ತದೆ. ಬಲಗೈ ಬ್ಯಾಟರ್‌ಗಾದರೋ ಅದು ವಿರುದ್ಧ ದಿಕ್ಕಿಗೆ ಎಳೆಯುತ್ತದೆ.

ಇಚಿರೊ ದೈತ್ಯದೇಹಿಯಲ್ಲ, ಓಟಗಾರ. ಅಂಥವರಿಗೆ ಈ ಉಳಿತಾಯ ದೊಡ್ಡದು. ಹಲವು ಸಾಧಾರಣ ಹೊಡೆತಗಳೂ ಅವರಿಗೆ 'ಹಿಟ್' ಆದವು, ಅಂದರೆ ಔಟಾಗದೆ ಬೇಸ್ ದೊರಕಿಸಿಕೊಟ್ಟವು. 1994ರಲ್ಲಿ ಒರಿಕ್ಸ್ ತಂಡಕ್ಕೆ ಆಡುತ್ತಾ ಜಪಾನಿನಲ್ಲಿ ಒಂದೇ ಋತುವಿನಲ್ಲಿ 200 ಹಿಟ್ ದಾಟಿದ ಮೊದಲಿಗರಾದರು. 2001ರಲ್ಲಿ ಅಮೆರಿಕದ ಸಿಯಾಟಲ್ ಮ್ಯಾರಿನರ್ಸ್ ಸೇರಿದರು. 2004ರಲ್ಲಿ ಅಲ್ಲಿ ಒಂದೇ ಋತುವಿನಲ್ಲಿ 262 ಹಿಟ್ ಗಳಿಸಿ, ಜಾರ್ಜ್ ಸಿಸ್ಲರ್ 1920ರಲ್ಲಿ ಬರೆದಿದ್ದ 257ರ ದಾಖಲೆಯನ್ನು ಮುರಿದರು.

ಅಪ್ಪನ ತರಬೇತಿ ಮಾತ್ರ ಬಹಳ ಕಠಿಣವಾಗಿತ್ತು. ಅದನ್ನು ಇಚಿರೊ ಮುಂದೆ ಸಿಹಿಯಾಗಿ ನೆನೆಯಲಿಲ್ಲ.